ಗಿಟ್ ‘ಅಪ್ ಟು ಡೇಟ್’ ಅಂತಿದೆ, ಆದ್ರೆ ಸಹೋದ್ಯೋಗಿ ಪುಶ್ ಮಾಡಿದ್ದು ಕಾಣ್ತಿಲ್ಲ. ಲೋಕಲ್ ಬ್ರಾಂಚ್, ರಿಮೋಟ್ ಬ್ರಾಂಚ್ ವ್ಯತ್ಯಾಸ ಏನು?

ಇದೇ ‘ಅಪ್ ಟು ಡೇಟ್’ ಸಾಲು ನಂಬಿ ಒಂದು ಸೋಮವಾರ ಬೆಳಗ್ಗೆ ನಾನು ಹಳ್ಳಕ್ಕೆ ಬಿದ್ದಿದ್ದೆ.

ಬಿಲ್ಲಿಂಗ್ ಅನ್ನೋ ಬ್ರಾಂಚ್‌ನಲ್ಲಿ (ಕೋಡ್ ಬದಲಾವಣೆಗಳ ದಾಖಲೆ ಇಡೋ ಗಿಟ್‌ನಲ್ಲಿ ಒಂದು ಕವಲು) ನಾವು ಮೂವರು. ಶುಕ್ರವಾರ ಪುಶ್ ಮಾಡಿದ್ದ, ಅಂದ್ರೆ ಸರ್ವರ್‌ಗೆ ಕಳಿಸಿದ್ದ, ನನ್ನ ಐದು ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಸೇರಿಸಿ ಒಂದೇ ಮಾಡೋಣ ಅಂತ ಕೂತೆ. ಗಿಟ್ ಸ್ಟೇಟಸ್ ಹೊಡೆದ್ರೆ ‘ಒರಿಜಿನ್/ಬಿಲ್ಲಿಂಗ್ ಜೊತೆ ಅಪ್ ಟು ಡೇಟ್’ ಅಂತು (ಒರಿಜಿನ್ ಅಂದ್ರೆ ಸರ್ವರ್‌ಗೆ ಗಿಟ್ ಇಡೋ ಹೆಸರು). ಸರಿ, ಬೇರೆ ಯಾರೂ ಏನೂ ಹಾಕಿಲ್ಲ ಅಂದ್ಕೊಂಡೆ.

ತಪ್ಪಿದ್ದು ಇಲ್ಲೇ. ಸ್ಟೇಟಸ್ ಸರ್ವರ್ ಹತ್ರ ಹೋಗೋದೇ ಇಲ್ಲ. ವೈಫೈ ಆಫ್ ಮಾಡಿ ಹೊಡೆದು ನೋಡಿ, ಅದೇ ಉತ್ತರ ಬರುತ್ತೆ. ಒರಿಜಿನ್/ಬಿಲ್ಲಿಂಗ್ ಇರೋದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ. ಅದು ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ: ಕೊನೇ ಸಲ ಎಂಟ್ರಿ ಹಾಕಿಸಿದ ದಿನದ ಬ್ಯಾಲೆನ್ಸ್ ತೋರಿಸುತ್ತೆ, ಇವತ್ತಿನದಲ್ಲ. ಎಂಟ್ರಿ ಹಾಕಿಸೋದು ಅಂದ್ರೆ ಗಿಟ್ ಫೆಚ್. ನಾನು ಹಾಕಿಸಿರಲಿಲ್ಲ. ಹಾಗಾಗಿ ಲೋಕಲ್, ರಿಮೋಟ್ ಅಂತ ಎರಡೇ ಅನ್ನೋ ನಿಮ್ಮ ಲೆಕ್ಕವೇ ತಪ್ಪು. ಇರೋದು ಮೂರು: ನಿಮ್ಮ ಬಿಲ್ಲಿಂಗ್, ಸರ್ವರ್‌ನ ಬಿಲ್ಲಿಂಗ್, ನಡುವೆ ಈ ಪಾಸ್‌ಬುಕ್.

ಐದೂ ಕಮಿಟ್ ಒಂದು ಮಾಡಿ ಪುಶ್ ಹೊಡೆದೆ, ರಿಜೆಕ್ಟ್ ಆಯ್ತು. ಹಿಸ್ಟರಿ ಬದಲಾಯಿಸಿದ್ದೀನಲ್ಲ, ಆಗಲೇಬೇಕು ಅಂದ್ಕೊಂಡು ಫೋರ್ಸ್ ಹಾಕಿದೆ, ಅಂದ್ರೆ ಸರ್ವರ್‌ನ ಬ್ರಾಂಚ್ ಬದಲು ನಂದನ್ನೇ ಬಲವಂತವಾಗಿ ಕೂರಿಸಿದೆ. ರಿಜೆಕ್ಟ್ ಆದ ಸಾಲಿನ ಬ್ರಾಕೆಟ್‌ನಲ್ಲಿ ‘ಫೆಚ್ ಫಸ್ಟ್’ ಅಂತ ಬರೆದಿತ್ತು ಮಾರಾಯ್ರೇ! ಓದಿದ್ರೆ ತಾನೇ. ಶನಿವಾರ ರಾತ್ರಿ ನಮ್ಮ ಹುಡುಗ ಹಾಕಿದ್ದ ಮೂರು ಕಮಿಟ್ ಬ್ರಾಂಚಿಂದ ಮಾಯ. ಅವನು ರಜೆ ಹಾಕಿ ಶಿರಸಿ ಕಡೆ ಊರಿಗೆ ಹೋಗಿದ್ದ, ಫೋನ್ ನಾಟ್ ರೀಚಬಲ್.

ಉಳಿಸಿದ್ದು ಮೂರನೆಯವರ ಹಳೇ ಪಾಸ್‌ಬುಕ್. ಅವರು ಭಾನುವಾರ ಫೆಚ್ ಮಾಡಿದ್ದರು, ಆಮೇಲೆ ಮಾಡಿರಲಿಲ್ಲ. ‘ಮೇಡಂ, ದಯವಿಟ್ಟು ಫೆಚ್ ಮಾಡ್ಬೇಡಿ’ ಅಂತ ಫೋನ್‌ನಲ್ಲಿ ಅಂಗಲಾಚಿದೆ. (ಮಾಡಿದ್ರೂ ರೆಫ್‌ಲಾಗ್‌ನಲ್ಲಿ, ಅಂದ್ರೆ ಬ್ರಾಂಚ್ ಹಿಂದೆ ಎಲ್ಲೆಲ್ಲಿತ್ತು ಅಂತ ಗಿಟ್ ಬರೆದಿಡೋ ಪಟ್ಟಿಯಲ್ಲಿ, ಸಿಗ್ತಿತ್ತು ಅಂತ ಆಮೇಲೆ ತಿಳೀತು.) ಅವರ ಒರಿಜಿನ್/ಬಿಲ್ಲಿಂಗ್ ಮೇಲೆ ಹೊಸ ಬ್ರಾಂಚ್ ಮಾಡಿಸಿ ಪುಶ್ ಮಾಡಿಸಿದೆ, ಮೂರೂ ಕಮಿಟ್ ವಾಪಸ್ ಬಂತು.

ಈಗ ನಾನು ಪುಲ್ ಮುಟ್ಟೋದೇ ಇಲ್ಲ. ಅದು ಫೆಚ್ ಮಾಡಿ, ನಾವು ನೋಡೋಕೆ ಮುಂಚೆನೇ ಮರ್ಜೂ ಮಾಡಿಬಿಡುತ್ತೆ, ಅಂದ್ರೆ ಬಂದಿದ್ದನ್ನ ನಮ್ಮ ಬ್ರಾಂಚ್‌ಗೆ ಸೇರಿಸಿಬಿಡುತ್ತೆ. ಮೊದಲು ಫೆಚ್, ಆಮೇಲೆ ಗಿಟ್ ಲಾಗ್‌ನಲ್ಲಿ ನನ್ನ ಬ್ರಾಂಚ್‌ಗೂ ಒರಿಜಿನ್/ಬಿಲ್ಲಿಂಗ್‌ಗೂ ಏನು ಅಂತರ ಅಂತ ಕಣ್ಣಾರೆ ನೋಡ್ತೀನಿ. ‘ಫೋರ್ಸ್ ವಿತ್ ಲೀಸ್’ (ಸರ್ವರ್ ಬ್ರಾಂಚ್ ಬದಲಾಗಿದ್ಯಾ ಅಂತ ಹೋಲಿಸಿ ನೋಡಿ ಫೋರ್ಸ್ ಮಾಡೋದು) ಹಾಕಿದ್ರೆ ಸಾಕು ಅಂತ ಯಾರಾದ್ರೂ ಹೇಳ್ತಾರೆ. ಆ ಸೋಮವಾರ ಅದು ನನ್ನನ್ನ ತಡೀತಿತ್ತು, ಒಪ್ಪುತ್ತೇನೆ. ಆದ್ರೆ ಅದೂ ಹೋಲಿಸೋದು ನಿಮ್ಮ ಪಾಸ್‌ಬುಕ್ ಜೊತೆಗೇ. ಕೋಡ್ ಬರೆಯೋ ಎಡಿಟರ್ ವಿಎಸ್ ಕೋಡ್‌ನಲ್ಲಿ ಆಟೋ ಫೆಚ್ ಆನ್ ಇದ್ದು, ಹಿಂದುಗಡೆ ಎಂಟ್ರಿ ಬಿದ್ದಿದ್ದು ನೀವು ನೋಡದೇ ಇದ್ರೆ ಲೀಸ್ ಬಾಯಿ ಮುಚ್ಕೊಂಡು ಪುಶ್ ಬಿಟ್ಟುಬಿಡುತ್ತೆ.