ಮಧ್ಯಾಹ್ನ ಎರಡು ಗಂಟೆಯ ಇಲಿ

ಪ್ರಶ್ನೆ: ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. ನಾರ್‌ಅಡ್ರಿನಲಿನ್ ಅನ್ನೋ ಮಿದುಳಿನ ರಾಸಾಯನಿಕ ಒಂದು ಇಲಿಯಲ್ಲಿ ಎಲ್‌ಎಚ್ ಹಾರ್ಮೋನನ್ನು ಏರಿಸುತ್ತದಂತೆ, ಇನ್ನೊಂದರಲ್ಲಿ ಇಳಿಸುತ್ತದಂತೆ. ಇದು ಹೇಗೆ ಸಾಧ್ಯ?
– ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ಮಗಳು ಹೇಳಿದ್ದು ಸರಿ ಅಮ್ಮಾ. ಆ ಇಲಿಯ ರಕ್ತದಲ್ಲಿ ಅಂಡಾಶಯ ಬಿಡೋ ಈಸ್ಟ್ರೋಜನ್ ಹಾರ್ಮೋನ್ ಇದೆಯಾ ಅಂತ ಅವಳನ್ನೇ ಕೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮಿದುಳಿನ ಬುಡದಲ್ಲಿರೋ ಹೈಪೊಥಾಲಮಸ್ ಜಿಎನ್‌ಆರ್‌ಎಚ್ ಅನ್ನೋ ಪುಟ್ಟ ಹಾರ್ಮೋನ್ ಬಿಡುತ್ತದೆ. ಅದು ತಲುಪಿದಾಗ ಕೆಳಗಿರೋ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಬಿಡುತ್ತದೆ. ಎಲ್‌ಎಚ್ ಒಮ್ಮೆಲೆ ಉಕ್ಕಿದರೆ ಅಂಡ ಹೊರಬೀಳುತ್ತದೆ. ಅಂಡಾಶಯ ತೆಗೆದ ಇಲಿಯ ಮಿದುಳಿಗೆ ನಾರ್‌ಅಡ್ರಿನಲಿನ್ ಕೊಟ್ಟರೆ ಎಲ್‌ಎಚ್ ತಗ್ಗುತ್ತದೆ. ಮೊದಲು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕೊಟ್ಟು ಆಮೇಲೆ ಅದನ್ನೇ ಕೊಟ್ಟರೆ ಏರುತ್ತದೆ. ಮದ್ದು ಅದೇ, ಅದನ್ನು ಕೇಳಿಸಿಕೊಳ್ಳೋ ಮಿದುಳು ಬೇರೆ.

ತಮಾಷೆ ಏನಂದ್ರೆ, ಅಂಡ ಬಿಡಿಸೋ ಈಸ್ಟ್ರೋಜನ್ ಸಂದೇಶ ಜಿಎನ್‌ಆರ್‌ಎಚ್ ಕೋಶಕ್ಕೆ ನೇರವಾಗಿ ತಿಳಿಯೋದೇ ಇಲ್ಲ. ಪಕ್ಕದವರು ಕೇಳಿ ಹೇಳಬೇಕು. ಆ ಪಕ್ಕದವರಲ್ಲಿ ಮುಖ್ಯವಾದದ್ದು ಕಿಸ್‌ಪೆಪ್ಟಿನ್ ಅನ್ನೋ ರಾಸಾಯನಿಕ ಬಿಡೋ ಕೋಶಗಳು. (ಅದರ ಜೀನ್ 1996ರಲ್ಲಿ ಸಿಕ್ಕಿದ್ದು ಅಮೆರಿಕದ ಹರ್ಶೀ ಊರಲ್ಲಿ. ಹೆಸರು ಅಲ್ಲಿನ ಕಿಸ್ ಚಾಕೊಲೇಟಿನದು!)

ಎಲ್‌ಎಚ್ ಉಕ್ಕೋದಕ್ಕೆ ಮೈಯೊಳಗಿನ ಗಡಿಯಾರವೂ ಬೇಕು. 1950ರಲ್ಲಿ ಎವರೆಟ್ ಮತ್ತು ಸಾಯರ್ ಅನ್ನೋ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗ ಮಾಡಿದರು. ಅಂಡ ಬಿಡೋ ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಮೊದಲು ಇಲಿಗೆ ನಿದ್ದೆ ಮದ್ದು ಕೊಟ್ಟರು. ಆ ರಾತ್ರಿ ಅಂಡ ಬರಲಿಲ್ಲ. ತಡವಾದದ್ದು ಒಂದೆರಡು ಗಂಟೆ ಅಲ್ಲ, ಸರಿಯಾಗಿ 24 ಗಂಟೆ! ಮರುದಿನ ಅದೇ ಹೊತ್ತಿಗೆ ಮತ್ತೆ ಕೊಟ್ಟರೆ ಇನ್ನೊಂದು ದಿನ ಮುಂದಕ್ಕೆ. ಬಿಎಂಟಿಸಿ ಬಸ್ಸಾದ್ರೆ ಹತ್ತು ನಿಮಿಷಕ್ಕೆ ಇನ್ನೊಂದು ಬರಬಹುದು, ಈ ಬಸ್ ದಿನಕ್ಕೊಂದೇ.

ಆ ಗಡಿಯಾರ ಕೈಕೊಟ್ಟದ್ದನ್ನು ನಾನೇ ಅನುಭವಿಸಿದ್ದೇನೆ. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಓದುವಾಗ ದಿನಾ ಬೆಳಿಗ್ಗೆ ಇಲಿಯ ಯೋನಿಗೆ ಒಂದು ಹನಿ ಸಲೈನ್ ಬಿಟ್ಟು, ಡ್ರಾಪರ್‌ನಿಂದ ಹೀರಿ, ಸ್ಲೈಡಿಗೆ ಹಾಕಿ ನೋಡುತ್ತಿದ್ದೆ. ಅಂಡ ಬಿಡೋ ಹಿಂದಿನ ದಿನ ಗುಂಡು ಗುಂಡಗೆ, ನಡುವೆ ಚುಕ್ಕೆ ಇರೋ ಕೋಶಗಳು. ಮರುದಿನ ಚುಕ್ಕೆ ಇಲ್ಲದ, ಒಣ ಎಲೆಯಂಥ ಚೂರುಗಳು. ನಾಲ್ಕೈದು ದಿನಕ್ಕೆ ಒಂದು ಸುತ್ತು. ಒಂದು ತಿಂಗಳು ಬರೀ ಒಣ ಎಲೆ! ಬಣ್ಣ ಬದಲಿಸಿದೆ, ಸ್ಲೈಡು ಬದಲಿಸಿದೆ, ಸುಮ್ನೆ ಇಲಿಗಳನ್ನೂ ಬೈದೆ. ಕೊನೆಗೆ ಗೈಡ್ ಸ್ಲೈಡು ನೋಡಿ, ‘ರಾತ್ರಿ ಇಲಿಗಳ ಕೋಣೆಯಲ್ಲಿ ದೀಪ ಆರುತ್ತಾ?’ ಅಂದರು. ಅವತ್ತು ರಾತ್ರಿ ಹನ್ನೊಂದಕ್ಕೆ ಹೋಗಿ ಬಾಗಿಲು ತೆಗೆದೆ. ಟೈಮರ್ ಕೆಟ್ಟಿತ್ತು. ಟ್ಯೂಬ್‌ಲೈಟು ಹಗಲಿನ ಹಾಗೆ ಉರೀತಾ ಇತ್ತು. ಕತ್ತಲೇ ಕಾಣದ ಇಲಿಗಳ ಗಡಿಯಾರ ದಾರಿ ತಪ್ಪಿ, ಸುತ್ತು ಒಣ ಎಲೆಯಲ್ಲೇ ನಿಂತುಬಿಟ್ಟಿತ್ತು.