ಗಿಟಾರ್ ಪ್ರಶ್ನೋತ್ತರ: ನೋಡಲು ಒಂದೇ, ಒಳಗೆ ಬೇರೆ

ಪ್ರಶ್ನೆ: ಎಪಿಫೋನ್ ಕಸೀನೋ ಅಥವಾ ಎಪಿಫೋನ್ ಇಎಸ್-335, ಈ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಒಂದು ಕೊಳ್ಳಬೇಕೆಂದಿದ್ದೇನೆ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮನೆಯಲ್ಲಿ ಅಭ್ಯಾಸ, ಭಾನುವಾರ ಚರ್ಚಿನಲ್ಲಿ ಡ್ರಮ್ಸ್ ಜೊತೆ ನುಡಿಸುವುದು. ನಮ್ಮ ಕಡೆಯ ಮಳೆಗಾಲ ತಡೆಯುತ್ತವೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಂಗಡಿಯಲ್ಲಿ ಎಫ್ ಆಕಾರದ ರಂಧ್ರಕ್ಕೆ ಮೊಬೈಲ್ ಟಾರ್ಚ್ ಹಿಡಿದು ಇಣುಕಿ ನೋಡಿ. 335ರಲ್ಲಿ ನಡುವೆ ಉದ್ದಕ್ಕೂ ಮರದ ದಿಮ್ಮಿ ಅಡ್ಡ ಇರುತ್ತದೆ. ಕಸೀನೋ ಪೂರ್ತಿ ಟೊಳ್ಳು, ಬೆಳಕು ಆಚೆ ರಂಧ್ರದಲ್ಲಿ ಕಾಣುತ್ತದೆ. ಉಳಿದ ಹೆಚ್ಚಿನ ವ್ಯತ್ಯಾಸವೆಲ್ಲ ಇದರಿಂದಲೇ ಹುಟ್ಟಿದ್ದು.

ಆಂಪ್‌ನ (ಗಿಟಾರಿನ ಸದ್ದು ಏರಿಸುವ ಸ್ಪೀಕರ್ ಪೆಟ್ಟಿಗೆಯ) ಸದ್ದು ಟೊಳ್ಳು ಮೈಯನ್ನು ಅಲುಗಿಸುತ್ತದೆ, ಮೈ ತಂತಿಯನ್ನು ಅಲುಗಿಸುತ್ತದೆ, ಅದೇ ಮತ್ತೆ ಆಂಪ್‌ಗೆ ಹೋಗುತ್ತದೆ. ಡ್ರಮ್ಸ್‌ಗೆ ಸರಿಸಮವಾಗಿ ವಾಲ್ಯೂಮ್ ಏರಿಸಿದಿರೋ, ಕಸೀನೋ ಊಳಿಡುತ್ತದೆ, ದಪ್ಪ ತಂತಿಗಳಲ್ಲಿ ಮೊದಲು. ಆಂಪ್‌ಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿಯಿರಿ, ಬಾಸ್ ತಗ್ಗಿಸಿ, ರಂಧ್ರಗಳಿಗೆ ಸ್ಪಂಜ್ ತುರುಕಿ; ಒಂದಿಷ್ಟು ಹಿಡಿತಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ. 335ರ ದಿಮ್ಮಿ ಈ ಅಲುಗಾಟವನ್ನು ಬಹುಪಾಲು ತಡೆಯುತ್ತದೆ.

ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ, ಅದೂ ಬೇರೆ. ಕಸೀನೋದ ಪಿ-90 ಒಂದೇ ಸುರುಳಿಯದು. 50 ಹರ್ಟ್ಜ್ ಕರೆಂಟಿನ ಗುಂಯ್ ಸದ್ದನ್ನು ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಚೋಕ್ ಇರುವ ಟ್ಯೂಬ್‌ಲೈಟ್ ಅಥವಾ ಇನ್ವರ್ಟರ್ ಇದ್ದರಂತೂ ಕೇಳುವುದೇ ಬೇಡ. 335ರ ಹಂಬಕರ್‌ನಲ್ಲಿ ಎರಡು ಸುರುಳಿ ಪರಸ್ಪರ ಆ ಸದ್ದನ್ನು ಅಳಿಸುತ್ತವೆ. ಇನ್ನು ಕತ್ತು: ಕಸೀನೋದ್ದು ಮೈಗೆ ಸೇರುವುದು 16ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬಳಿ, 335ರದ್ದು 19ರ ಬಳಿ. ಮೇಲಿನ ಸ್ವರಗಳಿಗೆ ಕೈ ಸಲೀಸಾಗಿ ಹೋಗುವುದು ಎರಡನೆಯದರಲ್ಲಿ.

ಚರ್ಚ್ ಇರುವುದರಿಂದ ನಿಮಗೆ 335 ಸರಿ. ಮನೆಯಲ್ಲೇ ನುಡಿಸುವವರಿಗೆ ನಮ್ಮ ಆಯ್ಕೆ ಕಸೀನೋ: ಹಗುರ, ಪಿ-90ರ ಸ್ವರ ತೆರೆದುಕೊಂಡಿರುತ್ತದೆ, ಕರೆಂಟ್ ಹೋದರೂ ಒಂದು ಕೋಣೆಗೆ ಕೇಳಿಸುವಷ್ಟು ಸದ್ದು ಬರುತ್ತದೆ. ಮಲೆನಾಡಿನ ಜುಲೈಯಲ್ಲಿ ಇದೇನೂ ಸಣ್ಣ ಅನುಕೂಲವಲ್ಲ!

ಮಳೆಗೆ ಎರಡೂ ಸಮ. ಪದರ ಅಂಟಿಸಿದ ಮೇಪಲ್ ಹಲಗೆ ಸುಲಭಕ್ಕೆ ಸೀಳುವುದಿಲ್ಲ. ತುಕ್ಕು ಹಿಡಿಯುವುದು ತಂತಿ, ಸ್ಕ್ರೂ. ಗೋಡೆಗೆ ನೇತುಹಾಕದೆ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವಾಂಶ 45–55 ಪ್ರತಿಶತ ಇದ್ದರೆ ಒಳ್ಳೆಯದು. ತಂತಿಯ ಎತ್ತರ ಬದಲಾದರೆ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಪ್ರಶ್ನೆ: ಕಸೀನೋದ ಜಾಕ್ (ಕೇಬಲ್ ಚುಚ್ಚುವ ಜಾಗ) ಸಡಿಲವಾಗಿತ್ತು. ನಟ್ ಬಿಗಿ ಮಾಡಿದ ಮೇಲೆ ಸದ್ದೇ ಇಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ನಟ್ ಜೊತೆ ಒಳಗೆ ಜಾಕೂ ತಿರುಗಿ ವೈರ್ ಕಿತ್ತಿರಬೇಕು. ಹಿಂಬದಿಯಲ್ಲಿ ಮುಚ್ಚಳವಿಲ್ಲ, ಎಫ್ ರಂಧ್ರವೇ ದಾರಿ. ನಟ್ ಬಿಚ್ಚಿ, ಜಾಕನ್ನು ಒಳಗೆ ತಳ್ಳುವ ಮೊದಲೇ ಅದರ ಕತ್ತಿಗೆ ನೈಲಾನ್ ದಾರ ಕಟ್ಟಿ. ಎಫ್ ರಂಧ್ರದಿಂದ ಹೊರಗೆಳೆದು ಬೆಸುಗೆ ಹಾಕಿ, ಅದೇ ದಾರ ಹಿಡಿದು ವಾಪಸ್ ತೂತಿಗೆ ತನ್ನಿ. ಈ ಸಲ ಬಿಗಿ ಮಾಡುವಾಗ ಜಾಕಿನ ತೂತಿಗೆ ಬಿಗಿಯಾಗಿ ಕೂರುವ ಅಲೆನ್ ಕೀ ತುರುಕಿ, ಅದನ್ನು ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ.