ಗ್ರಾಫೀನ್ ಹೈಡ್ರೋಜೆಲ್ ಮೇಲೆ ಜೀವಕೋಶ ಬೆಳೆಸಬಹುದೇ?

ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಕೋಶಗಳಿಗೆ ವಿಷ ಅಂತ ಒಂದು ಕಡೆ, ಅದರ ಹೈಡ್ರೋಜೆಲ್ (ನೀರು ತುಂಬಿಕೊಂಡ ಜೆಲ್) ಮೇಲೆ ಕೋಶಗಳು ಚೆನ್ನಾಗಿ ಬೆಳೆಯುತ್ತವೆ ಅಂತ ಇನ್ನೊಂದು ಕಡೆ ಓದಿದ್ದೀರಿ. ಎಂಎಸ್ಸಿ ಪ್ರಾಜೆಕ್ಟಿಗೆ ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಎರಡರಲ್ಲೂ ಸತ್ಯವಿದೆ. ದ್ರವದಲ್ಲಿ ಬಿಡಿಬಿಡಿಯಾಗಿ ತೇಲುವ ಹಾಳೆಗಳು ಕೋಶದ ಪೊರೆಗೆ ಅಂಟಿಕೊಂಡು ಹಾನಿ ಮಾಡಬಲ್ಲವು. ಅವೇ ಹಾಳೆಗಳು ಒಂದಕ್ಕೊಂದು ಹೆಣೆದುಕೊಂಡು ಜೆಲ್ ಆದರೆ ಕೋಶಕ್ಕೆ ಕಾಲೂರಲು ನೆಲ ಸಿಗುತ್ತದೆ.

2010ರಲ್ಲಿ ಚೀನಾದ ತ್ಸಿಂಘುವಾ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ವಿಧಾನ ತುಂಬಾ ಸರಳ. ಮಿಲಿಲೀಟರಿಗೆ 2 ಮಿಲಿಗ್ರಾಂನಂತೆ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಅಂಟಿದ ಗ್ರಾಫೀನ್) ಬೆರೆಸಿದ ನೀರನ್ನು ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ 12 ಗಂಟೆ ಕಾಯಿಸಿದರೆ ಕಂದು ದ್ರವವಿದ್ದಲ್ಲಿ ಕೈಯಲ್ಲಿ ಹಿಡಿಯಬಹುದಾದ ಕಪ್ಪು ಮುದ್ದೆ ಸಿಗುತ್ತದೆ. ಅದರ ತೂಕದಲ್ಲಿ ಶೇ 97ಕ್ಕೂ ಹೆಚ್ಚು ನೀರೇ, ಆದರೂ ವಿದ್ಯುತ್ ಹರಿಯುತ್ತದೆ! ಸಂಕೇತಗಳಿಗೆ ವಿದ್ಯುತ್ತನ್ನೇ ನೆಚ್ಚಿದ ನರಕೋಶ, ಹೃದಯದ ಸ್ನಾಯುಕೋಶಗಳ ಮೇಲೆ ಕೆಲಸ ಮಾಡುವವರಿಗೆ ಇದು ಇಷ್ಟು ಹಿಡಿಸಿರುವುದು ಅದಕ್ಕೇ.

ನಿಮ್ಮ ಪ್ರಾಜೆಕ್ಟಿಗೆ ಶುದ್ಧ ಗ್ರಾಫೀನ್ ಜೆಲ್‌ಗಿಂತ ಜೆಲಾಟಿನ್‌ಗೆ ಸ್ವಲ್ಪ ಗ್ರಾಫೀನ್ ಆಕ್ಸೈಡ್ ಬೆರೆಸಿದ್ದು ವಾಸಿ ಅಂತ ನನ್ನ ಅಭಿಪ್ರಾಯ. ಕೋಶಗಳು ಹಿಡಿದುಕೊಳ್ಳುವ ಜಾಗಗಳು ಜೆಲಾಟಿನ್‌ನಲ್ಲೇ ಇರುತ್ತವೆ. ಆಕ್ಸೈಡಿನ ಆಮ್ಲಜನಕ ತೆಗೆದು ಗ್ರಾಫೀನ್‌ಗೆ ಇಳಿಸಬೇಕಿದ್ದರೆ ಅದಕ್ಕೆ ಬಳಸುವ ಹೈಡ್ರಜೀನ್ ಎಂಬ ರಾಸಾಯನಿಕ ಮುಟ್ಟಬೇಡಿ, ಅದೇ ವಿಷ; ವಿಟಮಿನ್ ಸಿ ಸಾಕು. ಆಮೇಲೆ ಚೆನ್ನಾಗಿ ತೊಳೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೋಶ ಬದುಕಿದೆಯೇ ಎಂದು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ, ನೇರಳೆ ಗಾಢವಾದಷ್ಟೂ ಬದುಕಿರುವ ಕೋಶ ಜಾಸ್ತಿ ಎಂಬುದು ಅದರ ಲೆಕ್ಕ. ಗ್ರಾಫೀನ್ ಕೋಶದ ಹಂಗಿಲ್ಲದೆ ತಾನೇ ಆ ಕೆಲಸ ಮಾಡಿಬಿಡುತ್ತದೆ! ಹಾಗಾಗಿ ಕೋಶಗಳು ಸತ್ತಿದ್ದರೂ ಪ್ಲೇಟು ನೇರಳೆಯಾಗಬಹುದು. ಕೋಶ ಹಾಕದ ಬರೀ ಜೆಲ್ ಇರುವ ಬಾವಿಗಳನ್ನು (ಪ್ಲೇಟಿನ ಪುಟ್ಟ ಗುಳಿಗಳನ್ನು) ಪ್ರತಿ ಪ್ಲೇಟಿನಲ್ಲೂ ಇಡಿ, ಜೊತೆಗೆ ಇಂಥದ್ದೇ ಇನ್ನೊಂದು ಬಣ್ಣದ ಪರೀಕ್ಷೆಯಾದ ಡಬ್ಲ್ಯೂಎಸ್‌ಟಿ-8 ಮಾಡಿ, ಕೋಶಗಳನ್ನು ಬಿಡಿಸಿ ಸತ್ತ ಕೋಶಕ್ಕೆ ನೀಲಿ ಹಿಡಿಸುವ ಟ್ರೈಪಾನ್ ಬ್ಲೂ ಹಾಕಿ ಎಣಿಸಿ. ಬೇರೆಯವರ ಪ್ರಬಂಧ ಓದುವಾಗಲೂ ಇಂಥ ಖಾಲಿ ಬಾವಿಯ ಅಂಕಿ ಕೊಟ್ಟಿದ್ದಾರಾ ಅಂತ ಮೊದಲು ಹುಡುಕಿ. ನೀವು ಓದಿದ ಪರಸ್ಪರ ವಿರುದ್ಧದ ಫಲಿತಾಂಶಗಳಲ್ಲಿ ಕೆಲವಕ್ಕೆ ಅಲ್ಲೇ ಕಾರಣ ಸಿಗಬಹುದು.